ಹಳೆ ಕಾರಿಗೆ ಹೊಸ ಗಾಳಿ

ಸೋಮೇಶ್ವರದಿಂದ ಆಗುಂಬೆಗೆ ಏರುವ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳು. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಅಪ್ಪನ ಕಾಲದ ಅಂಬಾಸಿಡರನ್ನೋ ಪ್ರೀಮಿಯರ್ ಪದ್ಮಿನಿಯನ್ನೋ ಜೋಪಾನ ಮಾಡಿಕೊಂಡು ಬಂದವರಿಗೆ ಇಂಥ ಏರು ಒಂದು ಪರೀಕ್ಷೆಯೇ ಸರಿ. ಅರ್ಧ ದಾರಿಯಲ್ಲಿ ವಾಹನಗಳ ಸಾಲು ನಿಂತಿತೋ, ಬಾನೆಟ್ಟಿನಿಂದ ಹಬೆ ಏಳತೊಡಗುತ್ತದೆ. ಆಗ ಸಿಗುವ ಸಲಹೆ: 'ಎಲೆಕ್ಟ್ರಿಕ್ ಫ್ಯಾನ್ ಹಾಕಿಸಿಬಿಡಿ!' ಇದು ಎಷ್ಟು ಸರಿ?

ಈ ಕಾರುಗಳಲ್ಲಿ ರೇಡಿಯೇಟರ್ ಹಿಂದಿನ ಫ್ಯಾನನ್ನು ಬೆಲ್ಟಿನ ಮೂಲಕ ತಿರುಗಿಸುವುದು ಎಂಜಿನ್ನೇ. ಏರು ಹತ್ತಿ ಕಾದ ಎಂಜಿನ್ ನಿಂತಲ್ಲೇ ಮೆಲ್ಲಗೆ ಓಡುವಾಗ ಫ್ಯಾನೂ ಮೆಲ್ಲಗಾಗುತ್ತದೆ. ಗಾಳಿ ಸಾಲದು. ಎಲೆಕ್ಟ್ರಿಕ್ ಫ್ಯಾನಿಗೆ ಈ ಹಂಗಿಲ್ಲ. ನೀರಿನ ಶಾಖ ಸುಮಾರು 90 ಡಿಗ್ರಿ ಸೆಲ್ಸಿಯಸ್ ದಾಟಿದರೆ ಉಷ್ಣಕ್ಕೆ ಸ್ಪಂದಿಸುವ ಸ್ವಿಚ್ಚು ಅದನ್ನು ಚಾಲೂ ಮಾಡುತ್ತದೆ, ತಣಿದರೆ ನಿಲ್ಲಿಸುತ್ತದೆ. 1983ರಲ್ಲಿ ಬಂದ ಮಾರುತಿ 800ರಲ್ಲಿ ಎಂಜಿನ್ನನ್ನು ಅಡ್ಡಲಾಗಿ ಕೂರಿಸಿದ್ದರಿಂದ ಇಂಥ ಫ್ಯಾನೇ ಇತ್ತು.

ಇನ್ನು ವಿದ್ಯಾರ್ಥಿಗಳಿಗೊಂದು ಲೆಕ್ಕ. ಫ್ಯಾನ್ 10 ಆಂಪಿಯರ್ ಎಳೆಯಿತೆನ್ನಿ. 12 ವೋಲ್ಟಿನಿಂದ ಗುಣಿಸಿದರೆ 120 ವಾಟ್. ಎರಡು ಹೆಡ್‌ಲೈಟುಗಳು ಬಳಸುವುದೂ ಹೆಚ್ಚುಕಡಿಮೆ ಇಷ್ಟೇ. ಆದರೆ ಹಳೆಯ ಡೈನಮೋ, ಎಂಜಿನ್ ಮೆಲ್ಲಗೆ ಓಡುವಾಗ ವಿದ್ಯುತ್ತನ್ನು ಕೊಡುವುದು ಅಷ್ಟಕ್ಕಷ್ಟೆ. ಅಂದರೆ ಫ್ಯಾನ್ ಬೇಕೆನಿಸುವ ಹೊತ್ತಿಗೇ ಬ್ಯಾಟರಿ ಬರಿದಾಗತೊಡಗುತ್ತದೆ! ಮಳೆಗಾಲದ ರಾತ್ರಿ ದೀಪ, ವೈಪರ್, ಫ್ಯಾನ್ ಮೂರೂ ಒಟ್ಟಿಗೆ ಬೇಕಾದರೆ ಗತಿಯೇನು? ಆದ್ದರಿಂದ ಡೈನಮೋ ಇರುವ ಕಾರಿಗೆ ಮೊದಲು ಆಲ್ಟರ್ನೇಟರ್, ಆಮೇಲೆ ಫ್ಯಾನ್. ಅದಕ್ಕೆ ಪ್ರತ್ಯೇಕ ಫ್ಯೂಸ್, ರಿಲೇ, ದಪ್ಪನೆಯ ವೈರು ಇರಲೇಬೇಕು. ವೈರು ಅದಲುಬದಲಾದರೆ ಫ್ಯಾನ್ ಉಲ್ಟಾ ತಿರುಗಿ, ಎದುರಿನಿಂದ ಬರುವ ಗಾಳಿಗೇ ಅಡ್ಡಿಯಾದೀತು.

ಇಷ್ಟಕ್ಕೂ ಕಾರು ಕಾಯುವುದಕ್ಕೆ ಫ್ಯಾನೊಂದೇ ಕಾರಣವಲ್ಲ. ರೇಡಿಯೇಟರ್ ಒಳಗೆ ಪಾಚಿ, ತುಕ್ಕು ಕಟ್ಟಿರಬಹುದು. ಬೆಲ್ಟ್ ಸಡಿಲವಾಗಿರಬಹುದು. ಥರ್ಮೋಸ್ಟ್ಯಾಟ್ ತೆರೆದುಕೊಳ್ಳದೆ ನೀರಿನ ಹರಿವನ್ನೇ ತಡೆದಿರಬಹುದು. ಅದನ್ನು ಬಿಚ್ಚಿ, ಕಾಯುತ್ತಿರುವ ನೀರಿನ ಪಾತ್ರೆಯಲ್ಲಿ ಇಳಿಬಿಟ್ಟು ನೋಡಿದರೆ ಗುಟ್ಟು ಬಯಲು. ಇವನ್ನು ಸರಿಪಡಿಸದೆ ಫ್ಯಾನ್ ಹಾಕಿಸುವುದು ಜ್ವರಕ್ಕೆ ಬೀಸಣಿಗೆ ಬೀಸಿದಂತೆ.

ತಂದೆ ತಾಯಂದಿರು ಮಕ್ಕಳಿಗೆ ಹೇಳಿಕೊಡಬೇಕಾದ ಮಾತೊಂದಿದೆ. ಕಾದ ಕಾರಿನ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಚ್ಚಬಾರದು. ಒಳಗಿನ ನೀರು ಒತ್ತಡದಲ್ಲಿರುವುದರಿಂದ 100 ಡಿಗ್ರಿ ದಾಟಿದರೂ ಕುದಿಯದೆ ಇರಬಲ್ಲದು. ಮುಚ್ಚಳ ತೆರೆದೊಡನೆ ಒತ್ತಡ ಇಳಿದು, ಕುದಿನೀರು ಮುಖಕ್ಕೇ ಚಿಮ್ಮುತ್ತದೆ. ಎಂಜಿನ್ ಪೂರ್ತಿ ತಣಿಯುವ ತನಕ ದಾರಿ ಬದಿಯಲ್ಲಿ ಕಾಯುವುದೇ ಲೇಸು. ಹೇಗೂ ಆಗುಂಬೆಯ ಕಾಡು ಕಣ್ಣೆದುರೇ ಇದೆಯಲ್ಲ!