ದುಬಾರಿ ದಂತಚಿಕಿತ್ಸೆ: ಕಾಯಲಾರದ್ದು, ಕಾಯಬಹುದಾದದ್ದು

‘ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ’ ಎಂಬ ಗಾದೆಯನ್ನು ನಮ್ಮ ಹಿರಿಯರು ಬಾಳಿನ ವಿಪರ್ಯಾಸವನ್ನು ಕುರಿತು ಹೇಳಿದರು. ಇಂದು ಅದು ಮನೆಮನೆಯ ಖರ್ಚುವೆಚ್ಚದ ಮಾತಾಗಿಯೂ ನಿಂತಿದೆ. ದುಡಿಮೆಯ ಭರದಲ್ಲಿ ಸಣ್ಣ ಹುಳುಕನ್ನು ತೋರಿಸಲು ಬಿಡುವಿರುವುದಿಲ್ಲ. ಬಿಡುವಾಗುವ ಹೊತ್ತಿಗೆ ಅದೇ ಹಲ್ಲು ಸಾವಿರಾರು ರೂಪಾಯಿಗಳನ್ನು ಬೇಡುತ್ತದೆ. ಬೇರುನಾಳ ಚಿಕಿತ್ಸೆ, ಕ್ಯಾಪು, ಸೇತುವೆ ಹಲ್ಲು, ಇಂಪ್ಲಾಂಟ್ ಎಂಬ ಹೆಸರುಗಳನ್ನು ಒಟ್ಟಿಗೆ ಬರೆದು, ಕೆಳಗೆ ದೊಡ್ಡದೊಂದು ಮೊತ್ತವನ್ನು ಕಾಣಿಸಿದ ಚೀಟಿ ಕೈಗೆ ಬಂದಾಗ ಬಹಳ ಮಂದಿ ಮಾಡುವುದು ಒಂದೇ ಕೆಲಸ: ಚೀಟಿಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಮನೆಗೆ ಮರಳುವುದು. ಹೀಗೆ ಮರಳುವುದರಿಂದ ವೆಚ್ಚ ಉಳಿಯುವುದಿಲ್ಲ, ಬೆಳೆಯುತ್ತದೆ.

ಉಡುಪಿ ಜಿಲ್ಲೆಯ ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲ್ಲೂಕುಗಳನ್ನು ಕಣ್ಣ ಮುಂದಿಟ್ಟುಕೊಂಡು ಈ ವಿಚಾರವನ್ನು ಪರಿಶೀಲಿಸೋಣ. ಕೊನೆಯ ಎರಡು 2018ರಲ್ಲಿ ಪ್ರತ್ಯೇಕ ತಾಲ್ಲೂಕುಗಳಾದವು. ಮೀನುಗಾರಿಕೆ, ಬೇಸಾಯ, ಗೇರುಬೀಜ ಮತ್ತು ಹೆಂಚಿನ ಕಾರ್ಖಾನೆಗಳ ಕೂಲಿ, ಬೆಂಗಳೂರು–ಮುಂಬಯಿಗಳ ಹೋಟೆಲುಗಳಲ್ಲಿ ದುಡಿಯುವ ಮಕ್ಕಳು ಕಳುಹಿಸುವ ಹಣ: ಇವು ಇಲ್ಲಿನ ಬಹುತೇಕ ಸಂಸಾರಗಳ ಆಧಾರ. ಇಂತಹ ಸಂಸಾರವೊಂದು ದೊಡ್ಡ ದಂತಚಿಕಿತ್ಸೆಯನ್ನು ಸಾಲದ ಸುಳಿಗೆ ಸಿಲುಕದೆ ಮಾಡಿಸಿಕೊಳ್ಳಲು ಸಾಧ್ಯವೆ? ಚಿಕಿತ್ಸೆಯ ಪಟ್ಟಿಯಲ್ಲಿ ಯಾವುದು ಕಾಯಲಾರದು, ಯಾವುದು ಕಾಯಬಹುದು ಎಂಬುದನ್ನು ವಿಂಗಡಿಸಿಕೊಂಡರೆ ಸಾಧ್ಯ.

ವೆಚ್ಚ ಬೆಳೆಯುವ ಬಗೆ

ಬಾಯಿಯಲ್ಲಿ ನೆಲೆಸಿದ ಸೂಕ್ಷ್ಮಜೀವಿಗಳು ನಾವು ತಿಂದ ಸಕ್ಕರೆಯನ್ನು ಆಮ್ಲವಾಗಿ ಮಾರ್ಪಡಿಸುತ್ತವೆ. ಆ ಆಮ್ಲವು ಹಲ್ಲಿನ ಹೊರಕವಚವಾದ ಎನಾಮಲನ್ನು ಕರಗಿಸುತ್ತದೆ. ಮುರಿದ ಮೂಳೆ ಕೂಡಿಕೊಳ್ಳುತ್ತದೆ, ಹರಿದ ಚರ್ಮ ಮಾಯುತ್ತದೆ. ಒಮ್ಮೆ ಕುಳಿಬಿದ್ದ ಎನಾಮಲು ಮಾತ್ರ ಮರಳಿ ಬೆಳೆಯದು. ಕುಳಿ ಮೇಲುಮೇಲಿರುವಾಗ ಒಂದೇ ಭೇಟಿಯಲ್ಲಿ ತುಂಬಿಸಿದರೆ ಸಾಕು. ಅದು ಒಳಗಿನ ತಿರುಳನ್ನು ಮುಟ್ಟಿದರೆ ಬೇರುನಾಳವನ್ನು ಶುಚಿಗೊಳಿಸಿ ಮುಚ್ಚಬೇಕು, ಅದರ ಮೇಲೆ ಕ್ಯಾಪು ಹಾಕಬೇಕು. ಅದನ್ನೂ ಕಡೆಗಣಿಸಿದರೆ ಹಲ್ಲನ್ನು ಕಿತ್ತು, ಆ ಸ್ಥಳಕ್ಕೆ ಕೃತಕ ಹಲ್ಲನ್ನು ಕೂಡಿಸಬೇಕಾಗುತ್ತದೆ. ಒಂದೊಂದು ಮೆಟ್ಟಿಲಿಗೂ ವೆಚ್ಚ ಹಲವು ಪಟ್ಟು ಏರುತ್ತದೆ. ಚೀಟಿಯಲ್ಲಿರುವ ದೊಡ್ಡ ಮೊತ್ತವೆಂದರೆ ಅನೇಕ ಹಲ್ಲುಗಳು ಬೇರೆ ಬೇರೆ ಮೆಟ್ಟಿಲುಗಳಲ್ಲಿ ನಿಂತಿರುವುದರ ಒಟ್ಟು ಲೆಕ್ಕ. ಆದುದರಿಂದ ಅದನ್ನು ಬಿಡಿಸಿ ನೋಡಬೇಕು.

ಮೂರು ಗುಂಪುಗಳು

ಮೊದಲನೆಯ ಗುಂಪು ಕಾಯಲಾರದ್ದು. ಕೀವು, ಬಾವು, ಜ್ವರ, ರಾತ್ರಿ ನಿದ್ದೆಗೆಡಿಸುವ ನೋವು ಇದರಲ್ಲಿ ಸೇರುತ್ತವೆ. ದವಡೆಯ ಕೆಳಗೆ ಊತ ಹರಡಿ, ಬಾಯಿ ತೆರೆಯಲು ಅಥವಾ ನುಂಗಲು ಕಷ್ಟವಾದರೆ ಅದು ಪ್ರಾಣಕ್ಕೇ ಅಪಾಯ. ಆ ಹೊತ್ತಿನಲ್ಲಿ ಹಣದ ಲೆಕ್ಕ ಹಾಕುತ್ತ ಕೂರದೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಎರಡು ಮೂರು ವಾರಗಳಾದರೂ ಮಾಯದ ಬಾಯಿಹುಣ್ಣು, ಬಿಳಿಯ ಅಥವಾ ಕೆಂಪು ಮಚ್ಚೆ ಕೂಡ ಈ ಗುಂಪಿಗೇ ಸೇರಿದವು. ಎಲೆಯಡಿಕೆ, ಹೊಗೆಸೊಪ್ಪು ಮೆಲ್ಲುವವರಲ್ಲಿ ಇದನ್ನು ಹಗುರವಾಗಿ ಕಾಣಬಾರದು. ಹೊಗೆಸೊಪ್ಪಿಲ್ಲದ ಬರಿಯ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ವರ್ಗೀಕರಿಸಿದೆ.

ಎರಡನೆಯದು ಕೆಲವು ವಾರಗಳಲ್ಲಿ ಮುಗಿಸಬೇಕಾದದ್ದು. ಕುಳಿಗಳನ್ನು ತುಂಬಿಸುವುದು, ವಸಡಿನ ರೋಗಕ್ಕೆ ಹಲ್ಲು ಶುಚಿಗೊಳಿಸುವುದು, ಬೇರುನಾಳ ಚಿಕಿತ್ಸೆಯಾದ ದವಡೆ ಹಲ್ಲಿಗೆ ಕ್ಯಾಪು ಹಾಕಿಸುವುದು ಇಲ್ಲಿ ಬರುತ್ತವೆ. ನೋವು ಹೋಯಿತಲ್ಲ ಎಂದು ಕ್ಯಾಪನ್ನು ಕೈಬಿಡುವವರು ಬಹಳ. ಚಿಕಿತ್ಸೆಗೊಳಗಾದ ಹಲ್ಲಿನಲ್ಲಿ ಗಟ್ಟಿಭಾಗ ಕಡಿಮೆ ಉಳಿದಿರುವುದರಿಂದ ಅದು ಜಗಿಯುವಾಗ ಸೀಳಿಹೋಗುವ ಸಂಭವ ಹೆಚ್ಚು. ಆಗ ಮೊದಲು ತೆತ್ತ ಹಣವೂ ನೀರುಪಾಲು. ಮಧುಮೇಹವುಳ್ಳವರಂತೂ ವಸಡಿನ ರೋಗವನ್ನು ಮುಂದೂಡಬಾರದು. ಇವೆರಡೂ ಒಂದನ್ನೊಂದು ಕೆರಳಿಸುವ ಕಾಯಿಲೆಗಳು.

ಮೂರನೆಯದು ಕಾಯಬಹುದಾದದ್ದು. ಹಿಂದೆಯೇ ಹೋದ ಹಲ್ಲಿನ ಸ್ಥಾನವನ್ನು ತುಂಬುವುದು, ಹಲ್ಲಿನ ಬಣ್ಣ ತಿದ್ದುವುದು, ಓರೆ ಹಲ್ಲನ್ನು ನೇರಗೊಳಿಸುವುದು ಮುಂತಾದವು. ಚೀಟಿಯ ಮೊತ್ತದ ಹೆಚ್ಚು ಪಾಲು ಸಾಮಾನ್ಯವಾಗಿ ಈ ಮೂರನೆಯ ಗುಂಪಿನಲ್ಲಿರುತ್ತದೆ. ವೈದ್ಯರ ಒಪ್ಪಿಗೆ ಪಡೆದು ಇದನ್ನು ತಿಂಗಳುಗಳ ಮೇಲೆ ಹರಡಿಕೊಳ್ಳಬಹುದು.

ಇಲ್ಲಿ ಕರಾವಳಿಯ ಕಾಲಮಾನ ನೆರವಿಗೆ ಬರುತ್ತದೆ. ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿರುತ್ತದೆ. ಗಂಗೊಳ್ಳಿಯ ಬೋಟುಗಳಲ್ಲಿ ದುಡಿಯುವವರಿಗೆ ಆಗ ಸಮಯವುಂಟು, ಹಣವಿಲ್ಲ. ಮಳೆಗಾಲ ಕಳೆದ ಮೇಲೆ ಹಣವುಂಟು, ಸಮಯವಿಲ್ಲ. ಯಕ್ಷಗಾನ ಮೇಳಗಳ ಕಲಾವಿದರ ಪಾಡೂ ಇದಕ್ಕೆ ಹತ್ತಿರದ್ದು. ಅವರ ತಿರುಗಾಟ ನವೆಂಬರ್ ಸುಮಾರಿಗೆ ಹೊರಟು ಮೇ ತಿಂಗಳಲ್ಲಿ ನಿಲ್ಲುತ್ತದೆ. ಅನೇಕ ಭೇಟಿಗಳನ್ನು ಬೇಡುವ ಕೆಲಸಕ್ಕೆ ಮಳೆಗಾಲವನ್ನು ಮೀಸಲಿಟ್ಟು, ಅದಕ್ಕೆ ಬೇಕಾದ ಹಣವನ್ನು ದುಡಿಮೆಯ ತಿಂಗಳುಗಳಲ್ಲೇ ತೆಗೆದಿರಿಸುವುದು ಜಾಣತನ. ಕಲಾವಿದರಿಗೆ ಹಲ್ಲು ಅಂದದ ಮಾತಲ್ಲ, ಕಸುಬಿನ ಮಾತು. ತ, ಥ, ದ, ಧ, ನ ಅಕ್ಷರಗಳನ್ನು ನಮ್ಮ ವ್ಯಾಕರಣವೇ ‘ದಂತ್ಯ’ವೆಂದು ಕರೆದಿದೆ. ಮುಂಬಲ್ಲು ಹೋದರೆ ಅರ್ಥಗಾರಿಕೆಯ ಸ್ಪಷ್ಟತೆಯೇ ಕುಂದುತ್ತದೆ. ಅಂಥವರಿಗೆ ಮೂರನೆಯ ಗುಂಪಿನ ಮುಂಬಲ್ಲು ಎರಡನೆಯ ಗುಂಪಿಗೆ ಏರುತ್ತದೆ.

ಎಷ್ಟು ಹಲ್ಲು ಸಾಕು?

ಬಾಯಲ್ಲಿ ಮೂವತ್ತೆರಡೂ ಹಲ್ಲು ಇರಲೇಬೇಕೆಂಬ ಹಟ ಬೇಡ. ಜಪಾನ್ ದೇಶವು 1989ರಿಂದ ‘80ರ ವಯಸ್ಸಿನಲ್ಲಿ 20 ಹಲ್ಲು’ ಎಂಬ ಗುರಿಯನ್ನು ಜನರ ಮುಂದಿಟ್ಟಿತು. ಸರಿಯಾಗಿ ಕೂಡುವ 20 ಸ್ವಂತ ಹಲ್ಲುಗಳಿದ್ದರೆ ಹೆಚ್ಚಿನವರು ನಿತ್ಯದ ಆಹಾರವನ್ನು ಜಗಿಯಬಲ್ಲರು ಎಂಬುದು ಅದರ ಹಿಂದಿನ ತಿಳಿವಳಿಕೆ. ಬುದ್ಧಿಹಲ್ಲು ಹೋದರೆ ಅದರ ಸ್ಥಾನಕ್ಕೆ ಬೇರೆ ಕೂಡಿಸುವ ಅಗತ್ಯವೇ ಇಲ್ಲ. ತೀರ ಹಿಂದಿನ ಒಂದು ದವಡೆ ಹಲ್ಲು ಹೋಗಿದ್ದು, ಉಳಿದವು ಚೆನ್ನಾಗಿದ್ದರೆ ಅದನ್ನು ಹಾಗೆಯೇ ಬಿಡಬಹುದೆ ಎಂದು ವೈದ್ಯರನ್ನು ಸಂಕೋಚವಿಲ್ಲದೆ ಕೇಳಬಹುದು.

ಹೋದ ಹಲ್ಲನ್ನು ತುಂಬಲು ಮೂರು ದಾರಿಗಳಿವೆ. ತೆಗೆದು ಹಾಕುವ ಹಲ್ಲುಸೆಟ್ಟು ಎಲ್ಲಕ್ಕಿಂತ ಅಗ್ಗ. ಅಕ್ಕಪಕ್ಕದ ಹಲ್ಲುಗಳನ್ನು ಆಧಾರವಾಗಿಸಿದ ಸೇತುವೆ ಮಧ್ಯಮ ವೆಚ್ಚದ್ದು. ಇದಕ್ಕಾಗಿ ಆ ಹಲ್ಲುಗಳನ್ನು ಉಜ್ಜಿ ಸಣ್ಣದಾಗಿಸಬೇಕಾಗುತ್ತದೆ. ಇಂಪ್ಲಾಂಟ್ ಅತ್ಯಂತ ದುಬಾರಿ. ಸ್ವೀಡನ್ನಿನ ಬ್ರಾನೆಮಾರ್ಕ್ ಎಂಬ ವಿಜ್ಞಾನಿ ಟೈಟಾನಿಯಂ ಲೋಹಕ್ಕೆ ಎಲುಬು ಬೆಸೆದುಕೊಳ್ಳುತ್ತದೆಂಬುದನ್ನು ಕಂಡು, 1965ರಲ್ಲಿ ಮನುಷ್ಯನ ದವಡೆಗೆ ಅದನ್ನು ಮೊದಲು ಅಳವಡಿಸಿದರು. ಈ ಬೆಸುಗೆಗೆ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಬೇಕು. ಬೆಂಗಳೂರಿನ ಮಗನ ಮನೆಗೆ ಹದಿನೈದು ದಿನಕ್ಕೆಂದು ಹೋದ ತಾಯಿಗೆ ಇಂಪ್ಲಾಂಟ್ ಆರಂಭಿಸುವ ಮುನ್ನ ಮುಂದಿನ ಭೇಟಿಗಳು ಎಲ್ಲಿ, ಹೇಗೆ ಎಂಬುದನ್ನು ಗೊತ್ತುಮಾಡಿಕೊಳ್ಳಬೇಕು. ಹಲ್ಲೆಲ್ಲ ಹೋಗಿ ಕೆಳಸೆಟ್ಟು ನಿಲ್ಲದವರಿಗೆ ಬಾಯಿ ತುಂಬ ಇಂಪ್ಲಾಂಟ್ ಬೇಕಿಲ್ಲ; ಎರಡನ್ನೇ ಕೂಡಿಸಿ ಅದರ ಮೇಲೆ ಸೆಟ್ಟನ್ನು ಸಿಕ್ಕಿಸುವ ಮಧ್ಯಮಾರ್ಗವುಂಟು.

ಕ್ಯಾಪಿನ ವಿಚಾರವೂ ಇದೇ ಬಗೆಯದು. ಜಿರ್ಕೋನಿಯಾ ಅಂದವಾಗಿದ್ದು ಬೆಲೆ ಹೆಚ್ಚು. ನಕ್ಕಾಗ ಕಾಣದ ಹಿಂಬದಿಯ ದವಡೆ ಹಲ್ಲಿಗೆ ಲೋಹದ ಕ್ಯಾಪು ಅಗ್ಗವಾಗಿಯೂ ಗಟ್ಟಿಯಾಗಿಯೂ ಬಾಳಿಕೆ ಬರುತ್ತದೆ.

ಚೀಟಿಯನ್ನು ಓದುವುದು ಹೇಗೆ?

ದಂತವೈದ್ಯರು ಹಲ್ಲುಗಳನ್ನು ಎರಡಂಕಿಯ ಸಂಖ್ಯೆಯಿಂದ ಗುರುತಿಸುತ್ತಾರೆ. ಮೊದಲ ಅಂಕಿ ಬಾಯಿಯ ಭಾಗವನ್ನು ಸೂಚಿಸುತ್ತದೆ: 1 ಮೇಲಿನ ಬಲ, 2 ಮೇಲಿನ ಎಡ, 3 ಕೆಳಗಿನ ಎಡ, 4 ಕೆಳಗಿನ ಬಲ. ಎರಡನೆಯ ಅಂಕಿ ನಡುವಿನಿಂದ ಹಿಂದಕ್ಕೆ ಎಣಿಸಿದ ಕ್ರಮ. 36 ಎಂದರೆ ಕೆಳಗಿನ ಎಡಭಾಗದ ಆರನೆಯ ಹಲ್ಲು, ಅಂದರೆ ಮೊದಲ ದೊಡ್ಡ ದವಡೆ ಹಲ್ಲು. ಯಾವ ಸಂಖ್ಯೆಯ ಹಲ್ಲಿಗೆ ಯಾವ ಚಿಕಿತ್ಸೆ, ಯಾವ ಸಾಮಗ್ರಿ, ಎಷ್ಟು ಭೇಟಿ, ಎಷ್ಟು ಶುಲ್ಕ ಎಂಬುದನ್ನು ಬರೆಸಿಕೊಂಡರೆ ಎರಡು ಕಡೆಯ ಅಂದಾಜುಗಳನ್ನು ನ್ಯಾಯವಾಗಿ ಹೋಲಿಸಬಹುದು. ಎಕ್ಸ್‌–ರೇ ಪ್ರತಿಯನ್ನು ಕೇಳಿ ಪಡೆದುಕೊಂಡರೆ ಇನ್ನೊಬ್ಬರಲ್ಲಿ ಮತ್ತೆ ತೆಗೆಸುವ ವೆಚ್ಚ ತಪ್ಪೀತು. ‘ಇವುಗಳಲ್ಲಿ ಈ ತಿಂಗಳು ಆಗಲೇಬೇಕಾದುದು ಯಾವುದು? ಆರು ತಿಂಗಳು ತಡೆದರೆ ಕೆಡುವುದು ಯಾವುದು?’ ಎಂಬೆರಡು ಪ್ರಶ್ನೆಗಳನ್ನು ಎಲ್ಲರೂ ಕೇಳಬೇಕು. ಒಳ್ಳೆಯ ವೈದ್ಯರು ಇದರಿಂದ ಬೇಸರಗೊಳ್ಳುವುದಿಲ್ಲ.

ನೆರವಿನ ನೆಲೆಗಳು

ಕುಂದಾಪುರದ ತಾಲ್ಲೂಕು ಆಸ್ಪತ್ರೆ, ಬೈಂದೂರು ಮತ್ತು ಬ್ರಹ್ಮಾವರಗಳ ಸಮುದಾಯ ಆರೋಗ್ಯ ಕೇಂದ್ರಗಳು, ಉಡುಪಿಯ ಜಿಲ್ಲಾಸ್ಪತ್ರೆ ಇವು ಸರ್ಕಾರಿ ವ್ಯವಸ್ಥೆಯ ಹತ್ತಿರದ ಬಾಗಿಲುಗಳು. ದಂತವೈದ್ಯರು ಕುಳಿತುಕೊಳ್ಳುವ ದಿನವನ್ನು ಮೊದಲೇ ವಿಚಾರಿಸಿಕೊಂಡು, ತಪಾಸಣೆ, ಹಲ್ಲು ಕೀಳಿಸುವುದು, ತುಂಬಿಸುವುದು ಮೊದಲಾದವಕ್ಕೆ ಅಲ್ಲಿಂದಲೇ ಆರಂಭಿಸುವುದು ಲೇಸು.

ದೊಡ್ಡ ಕೆಲಸಕ್ಕೆ ಈ ಮೂರು ತಾಲ್ಲೂಕುಗಳವರ ಭಾಗ್ಯವೆಂದರೆ ಮಣಿಪಾಲದ ದಂತವೈದ್ಯಕೀಯ ಕಾಲೇಜು ಸಮೀಪದಲ್ಲಿರುವುದು. ಬೋಧನಾ ಆಸ್ಪತ್ರೆಗಳಲ್ಲಿ ವಿದ್ಯಾರ್ಥಿಗಳು ಅಧ್ಯಾಪಕರ ಕಣ್ಗಾವಲಿನಲ್ಲಿ ಚಿಕಿತ್ಸೆ ನೀಡುತ್ತಾರೆ. ಹಂತಹಂತಕ್ಕೂ ಹಿರಿಯರು ನೋಡಿ ಒಪ್ಪಬೇಕು. ಆದಕಾರಣ ಸಮಯ ಹೆಚ್ಚು ಹಿಡಿಯುತ್ತದೆ, ಶುಲ್ಕ ಖಾಸಗಿ ಚಿಕಿತ್ಸಾಲಯಗಳಿಗಿಂತ ಸಾಮಾನ್ಯವಾಗಿ ಕಡಿಮೆ. ಬ್ರಹ್ಮಾವರದವರಿಗೆ ಇದು ಅರ್ಧ ದಿನದ ಕೆಲಸ. ಬೈಂದೂರಿನಿಂದ ಹೋಗುವವರಿಗಾದರೋ ಒಂದು ಭೇಟಿಗೆ ಒಂದು ದಿನದ ಕೂಲಿಯೂ ಬಸ್ಸಿನ ಖರ್ಚೂ ತಗಲುತ್ತದೆ. ಐದಾರು ಭೇಟಿಗಳಾದಾಗ ಉಳಿದ ಶುಲ್ಕ ಅದರಲ್ಲೇ ಕರಗಬಹುದು. ದೂರದಿಂದ ಬರುವುದನ್ನು ಮೊದಲೇ ತಿಳಿಸಿ, ಒಂದೇ ದಿನ ಎರಡು ಕೆಲಸಗಳನ್ನು ಕೂಡಿಸಲು ಕೋರಬೇಕು. ಸಣ್ಣ ಕೆಲಸವನ್ನು ಊರಿನಲ್ಲೇ ಮುಗಿಸಿ, ದೊಡ್ಡದಕ್ಕೆ ಮಾತ್ರ ಮಣಿಪಾಲಕ್ಕೆ ಹೋಗುವುದೂ ಒಂದು ಉಪಾಯ. ಬಯಲುಸೀಮೆಯ ಓದುಗರಿಗೆ ಮೈಸೂರಿನ ಜೆ.ಎಸ್.ಎಸ್., ದಾವಣಗೆರೆಯ ಬಾಪೂಜಿ, ಧಾರವಾಡದ ಎಸ್.ಡಿ.ಎಂ., ಬೆಳಗಾವಿಯ ಕೆ.ಎಲ್.ಇ. ದಂತವೈದ್ಯಕೀಯ ಕಾಲೇಜುಗಳು ಇದೇ ಬಗೆಯ ಆಸರೆಗಳು.

ಬಡತನದ ರೇಖೆಯ ಕೆಳಗಿನ ಕುಟುಂಬಗಳ ಹಿರಿಯರಿಗೆ ಉಚಿತವಾಗಿ ಹಲ್ಲುಸೆಟ್ಟು ಒದಗಿಸುವ ‘ದಂತಭಾಗ್ಯ’ ಯೋಜನೆಯನ್ನು ರಾಜ್ಯ ಸರ್ಕಾರ 2014–15ರ ಸುಮಾರಿಗೆ ಆರಂಭಿಸಿತು; ದಂತವೈದ್ಯಕೀಯ ಕಾಲೇಜುಗಳ ಮೂಲಕ ಇದು ನಡೆಯುತ್ತದೆ. ಈಗಿನ ವಯೋಮಿತಿ, ಬೇಕಾದ ದಾಖಲೆಗಳನ್ನು ತಾಲ್ಲೂಕು ಆಸ್ಪತ್ರೆಯಲ್ಲಿ ಅಥವಾ ಊರಿನ ಆಶಾ ಕಾರ್ಯಕರ್ತೆಯರಲ್ಲಿ ವಿಚಾರಿಸಬೇಕು. ಕಾರ್ಖಾನೆಗಳಲ್ಲಿ ದುಡಿಯುವವರು ತಮಗೆ ಇಎಸ್ಐ ಸೌಲಭ್ಯವಿದ್ದರೆ ಅದರಡಿ ದೊರೆಯುವ ದಂತಚಿಕಿತ್ಸೆಯನ್ನು ಮರೆಯಬಾರದು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯು ಮುಖ್ಯವಾಗಿ ಒಳರೋಗಿಯಾಗಿ ದಾಖಲಾಗುವ ಚಿಕಿತ್ಸೆಗಳಿಗೆ ಇರುವಂಥದು. ಬಾಯಿ ಕ್ಯಾನ್ಸರ್, ಅಪಘಾತದಲ್ಲಿ ದವಡೆ ಮುರಿತ ಮುಂತಾದವಕ್ಕೆ ಅದನ್ನು ನೆಚ್ಚಬಹುದೇ ಹೊರತು ಕ್ಯಾಪು, ಇಂಪ್ಲಾಂಟ್‌ಗಳಿಗಲ್ಲ. ಖಾಸಗಿ ಆರೋಗ್ಯವಿಮೆಗಳಲ್ಲಿಯೂ ಬಹುಪಾಲು ಅಪಘಾತದ ಹೊರತು ಹಲ್ಲಿನ ವೆಚ್ಚವನ್ನು ಭರಿಸುವುದಿಲ್ಲ.

ಹಣವೂ ಸುಳ್ಳು ಉಳಿತಾಯವೂ

ಕಂತಿನಲ್ಲಿ ತೆರುವ ಏರ್ಪಾಡಿಗೆ ಸಹಿ ಹಾಕುವ ಮುನ್ನ, ಆ ಹಣವನ್ನು ವೈದ್ಯರೇ ಹಂತಹಂತವಾಗಿ ಪಡೆಯುತ್ತಾರೋ ಅಥವಾ ಅದು ಸಾಲದ ಸಂಸ್ಥೆಯೊಂದರ ಕಂತೋ ಎಂಬುದನ್ನು ಕೇಳಿ ತಿಳಿಯಬೇಕು. ಎರಡನೆಯದಾದರೆ ಚಿಕಿತ್ಸೆ ನಡುವೆ ನಿಂತರೂ ಕಂತು ನಿಲ್ಲದು. ಮುಗಿದ ಕೆಲಸಕ್ಕೆ ಮಾತ್ರ ಹಣ ತೆರುವ ಕ್ರಮ ಇಬ್ಬರಿಗೂ ಹಿತ. ಸಾಲ ಅನಿವಾರ್ಯವಾದರೆ ಸ್ವಸಹಾಯ ಗುಂಪು, ಊರಿನ ಸಹಕಾರಿ ಸಂಘಗಳ ಬಡ್ಡಿಯನ್ನು ಹೋಲಿಸಿ ನೋಡಿ, ಮೊದಲೆರಡು ಗುಂಪಿನ ಕೆಲಸಕ್ಕಷ್ಟೇ ಸಾಲ ಮಾಡಬೇಕು.

ಅಗ್ಗವೆಂದು ತೋರಿ ದುಬಾರಿಯಾಗುವ ದಾರಿಗಳೂ ಇವೆ. ಅಂಗಡಿಯಿಂದ ನೋವಿನ ಮಾತ್ರೆಯನ್ನು ತಂದು ತಿಂಗಳುಗಟ್ಟಲೆ ನುಂಗುವುದು ಮೂತ್ರಪಿಂಡಕ್ಕೂ ಜಠರಕ್ಕೂ ಕೇಡು. ಆ್ಯಂಟಿಬಯಾಟಿಕ್ ಮಾತ್ರೆ ಬಾವನ್ನು ಕೆಲಕಾಲ ಅಡಗಿಸುತ್ತದೆ, ಒಳಗಿನ ಮೂಲವನ್ನು ತೆಗೆಯದು. ಕಾನೂನಿನ ಪ್ರಕಾರ ನೋಂದಾಯಿತರಲ್ಲದವರು ಹಲ್ಲಿನ ಚಿಕಿತ್ಸೆ ಮಾಡುವಂತಿಲ್ಲ. ಸಂತೆ, ಜಾತ್ರೆಗಳಲ್ಲಿ ಕ್ಷಣದಲ್ಲಿ ಹಲ್ಲು ಕೂರಿಸುವವರ ಕೈಗೆ ಬಾಯಿಯನ್ನು ಒಪ್ಪಿಸಿದರೆ ಪಕ್ಕದ ಒಳ್ಳೆಯ ಹಲ್ಲುಗಳೂ ಕೆಡುತ್ತವೆ. ಇನ್ನೊಂದೆಡೆ, ಹಲ್ಲು ಕೀಳಿಸುವುದೆಲ್ಲ ಸೋಲೆಂದು ತಿಳಿಯಬೇಕಾಗಿಲ್ಲ. ಉಳಿಸಿದರೂ ಬಹುಕಾಲ ನಿಲ್ಲದ ಹಲ್ಲಿಗೆ ಹಣ ಸುರಿಯುವುದಕ್ಕಿಂತ ಅದನ್ನು ತೆಗೆಸಿ, ಉಳಿದವನ್ನು ಕಾಪಾಡಿಕೊಳ್ಳುವುದೇ ಕೆಲವೊಮ್ಮೆ ವಿವೇಕ.

ಗಂಜಿಯ ಹಿಂದಿನ ಮೌನ

ಕುಚ್ಚಲಕ್ಕಿಯ ಗಂಜಿಯೂಟದ ಈ ನಾಡಿನಲ್ಲಿ ಹಲ್ಲಿಲ್ಲದ ಕೊರತೆ ಮನೆಯವರ ಕಣ್ಣಿಗೆ ಬೇಗ ಬೀಳುವುದಿಲ್ಲ. ಅಜ್ಜಿ ಗಂಜಿ ಉಣ್ಣುತ್ತಾರೆ, ಎಲ್ಲರೂ ಅವರಿಗೆ ಅದೇ ಇಷ್ಟವೆಂದುಕೊಳ್ಳುತ್ತಾರೆ. ತರಕಾರಿ, ಕಾಳು, ಹಣ್ಣು ಒಂದೊಂದಾಗಿ ತಟ್ಟೆಯಿಂದ ಮರೆಯಾಗಿ ಮೈ ಸೊರಗುತ್ತದೆ. ಪರವೂರಿನಲ್ಲಿ ದುಡಿಯುವ ಮಕ್ಕಳಿಗೆ ಭಾರವಾಗಬಾರದೆಂದು ನೋವನ್ನು ಬಾಯಿಬಿಟ್ಟು ಹೇಳದ ಹಿರಿಯರು ಎಷ್ಟೋ ಮಂದಿ. ಮಕ್ಕಳು ಫೋನಿನಲ್ಲಿ ‘ಊಟ ಆಯ್ತಾ?’ ಎಂದು ಕೇಳುವ ಜತೆಗೆ ‘ಏನು ಉಂಡಿರಿ, ಜಗಿಯಲು ಆಗುತ್ತದೆಯೆ?’ ಎಂದೂ ಕೇಳಿದರೆ ಎಷ್ಟೋ ತೊಂದರೆಗಳು ಅಗ್ಗದ ಮೆಟ್ಟಿಲಿನಲ್ಲಿಯೇ ಕಾಣಸಿಗುತ್ತವೆ.

ಒಮ್ಮೆ ದೊಡ್ಡ ಚಿಕಿತ್ಸೆ ಮುಗಿಸಿಕೊಂಡವರು ಅದನ್ನು ಕಾಯುವ ಕೆಲಸವನ್ನೂ ವಹಿಸಿಕೊಳ್ಳಬೇಕು. ಫ್ಲೋರೈಡ್ ಇರುವ ಪೇಸ್ಟಿನಿಂದ ದಿನಕ್ಕೆರಡು ಬಾರಿ, ರಾತ್ರಿ ಮಲಗುವ ಮುನ್ನ ತಪ್ಪದೆ, ಹಲ್ಲುಜ್ಜಬೇಕು. ಸಕ್ಕರೆಯ ಚಹವನ್ನು ದಿನವಿಡೀ ಗುಟುಕರಿಸುವುದನ್ನು ಬಿಡಬೇಕು. ರಾತ್ರಿ ಹಲ್ಲುಸೆಟ್ಟನ್ನು ತೆಗೆದು ತೊಳೆದು ನೀರಿನಲ್ಲಿಡಬೇಕು. ವರ್ಷಕ್ಕೊಮ್ಮೆಯಾದರೂ ವೈದ್ಯರಿಗೆ ಬಾಯಿ ತೋರಿಸಬೇಕು. ಮಡಿಸಿ ಜೇಬಿನಲ್ಲಿಟ್ಟ ಚೀಟಿ ಮನೆಯಲ್ಲಿದ್ದರೆ ಇಂದೇ ಬಿಚ್ಚಿ, ಸಾಲುಸಾಲಾಗಿ ಓದಿ, ಕಾಯಲಾರದ್ದರ ಕೆಳಗೆ ಒಂದು ಗೆರೆ ಎಳೆಯಿರಿ. ಮೊದಲು ಹೊಂದಿಸಬೇಕಾದ ಹಣ ಆ ಗೆರೆಯೆಳೆದ ಸಾಲುಗಳಿಗೆ ಬೇಕಾದಷ್ಟು ಮಾತ್ರ.