‘ಟಕ್’ ಅಂದ ಮೇಲೆ ಕೈ ಬಿಡಿ

ಕಿಕ್ಕೇರಿಯವನು ಅಂದ ಕೂಡಲೇ ಕಾಲೇಜಿನಲ್ಲಿ ಎಲ್ಲರೂ ‘ಓ, ಕೆ.ಎಸ್. ನರಸಿಂಹಸ್ವಾಮಿಯವರ ಊರು!’ ಅನ್ನುತ್ತಾರೆ. ಮನೆಯಲ್ಲಿ ಮಾತ್ರ ಕಳೆದ ದಸರಾ ರಜೆಯಿಂದ ನನಗೆ ಬೇರೆಯದೇ ಬಿರುದು: ಬೋಲ್ಟು ಮುರಿದ ಇಂಜಿನಿಯರು.

ನಮ್ಮದು ಅಪ್ಪ ಸೆಕೆಂಡ್ ಹ್ಯಾಂಡ್ ಕೊಂಡ ಆಲ್ಟೊ. ಪಂಕ್ಚರ್ ಆದ ಚಕ್ರ ಬದಲಿಸಿ ನಟ್ ಬಿಗಿ ಮಾಡಿದವನು ನಾನೇ. ಸಡಿಲ ಇರಬಾರದು ಅಂತ ಸ್ಪ್ಯಾನರ್ ಹಿಡಿಕೆಯ ಮೇಲೆ ಕಾಲಿಟ್ಟು ನಿಂತು, ಎರಡು ಸಲ ಕುಕ್ಕಿಯೂ ಇದ್ದೆ. ಹದಿನೈದು ದಿನ ಬಿಟ್ಟು ಕೆ.ಆರ್. ಪೇಟೆ ರಸ್ತೆಯಲ್ಲಿ ಅದೇ ಚಕ್ರ ಬಿಚ್ಚುವಾಗ ಒಂದು ಸ್ಟಡ್ ಲಟಕ್ಕನೆ ತುಂಡಾಯಿತು. ಅಮ್ಮ, ತಂಗಿ ಇಬ್ಬರೂ ಕಾರಿನಲ್ಲಿದ್ದರು. ಉಳಿದ ಮೂರು ನಟ್‌ಗಳನ್ನೇ ನಂಬಿ ಎತ್ತಿನಗಾಡಿಯಂತೆ ಊರಿಗೆ ಬಂದೆವು. ‘ಅಲ್ಲ ಕಣ್ಲಾ, ಓದ್ದೇ ಇರೋ ನಾನು ಇಷ್ಟು ವರ್ಷದಲ್ಲಿ ಒಂದೂ ಮುರ್ದಿಲ್ಲ. ನೀನು ಓದ್ತಿರೋದು ಇದ್ನೇ ಅಲ್ವೇನ್ಲಾ?’ ಅಂದರು ಅಪ್ಪ.

ಆ ರಾತ್ರಿ ಲೆಕ್ಕ ಹಾಕಿದೆ. ಆಲ್ಟೊ ಮ್ಯಾನುಯಲ್ ಪ್ರಕಾರ ಚಕ್ರದ ನಟ್‌ಗೆ ಬೇಕಾದದ್ದು 85 ನ್ಯೂಟನ್ ಮೀಟರ್ ಟಾರ್ಕ್. ನನ್ನ ತೂಕ 62 ಕೆ.ಜಿ., ಸ್ಪ್ಯಾನರ್ ಹಿಡಿಕೆ 25 ಸೆಂ.ಮೀ. ಸುಮ್ಮನೆ ನಿಂತರೇ 152 ನ್ಯೂಟನ್ ಮೀಟರ್! ಕುಕ್ಕಿದ್ದು ಅದರ ಮೇಲಿನ ಕಾಣಿಕೆ. ಪರೀಕ್ಷೆಯಲ್ಲಿ ಇದೇ ಸೂತ್ರಕ್ಕೆ ಪೂರ್ತಿ ಅಂಕ ಬಂದಿತ್ತು ಅನ್ನುವುದನ್ನು ಅಪ್ಪನಿಗೆ ಹೇಳಲಿಲ್ಲ.

ಬಿಗಿ ಅಂದರೆ ಸುಮ್ಮನೆ ಬಿಗಿಯಲ್ಲ. ಸ್ಟಡ್ ರಬ್ಬರಿನಂತೆ ಚೂರು ಹಿಗ್ಗಿ ಚಕ್ರವನ್ನು ಒಳಕ್ಕೆ ಎಳೆದು ಹಿಡಿಯುತ್ತದೆ. 12 ಮಿ.ಮೀ. ಸ್ಟಡ್‌ಗೆ 85 ನ್ಯೂಟನ್ ಮೀಟರ್ ಕೊಟ್ಟರೆ ಆ ಎಳೆತ ಸುಮಾರು ಮೂರೂವರೆ ಟನ್. ವಿಚಿತ್ರವೆಂದರೆ ನಾವು ಹಾಕುವ ಶ್ರಮದ ಹತ್ತರಲ್ಲಿ ಒಂದು ಪಾಲು ಮಾತ್ರ ಈ ಎಳೆತಕ್ಕೆ ಹೋಗುತ್ತದೆ, ಮಿಕ್ಕಿದ್ದೆಲ್ಲ ಘರ್ಷಣೆಯ ಪಾಲು. ಅದಕ್ಕೇ ನಟ್‌ಗೆ ಗ್ರೀಸ್ ಹಚ್ಚಬಾರದು. ಘರ್ಷಣೆ ಕಡಿಮೆಯಾಗಿ, ಅದೇ 85ರಲ್ಲಿ ಎಳೆತ ನಾಲ್ಕೂವರೆ ಟನ್ ದಾಟಬಹುದು.

ಹಾಗಾಗಿ ಟಾರ್ಕ್ ವ್ರೆಂಚ್ ಕೊಳ್ಳೋಣ ಅಂತ ತೀರ್ಮಾನಿಸಿದೆ. ನ್ಯೂಯಾರ್ಕ್‌ನ ನೀರು ಪೂರೈಕೆ ಇಲಾಖೆಯ ಕಾನ್ರಾಡ್ ಬಾರ್ ಎಂಬವರು 1918ರಲ್ಲಿ ಇದನ್ನು ರೂಪಿಸಿದ್ದೂ ಕೊಳಾಯಿ ಕೆಲಸಗಾರರು ಪೈಪಿನ ಬೋಲ್ಟುಗಳನ್ನು ಅತಿಯಾಗಿ ಬಿಗಿಯುತ್ತಿದ್ದರು ಅಂತಲೇ. ನನ್ನಂಥವರು ಆಗಲೂ ಇದ್ದರು, ಸಮಾಧಾನ.

ಮೈಸೂರಿನ ಅಂಗಡಿಯಲ್ಲಿ ಮೂರು ಬಗೆ ತೋರಿಸಿದರು. ಮುಳ್ಳು ಇರುವ ಬೀಮ್ ವ್ರೆಂಚ್ ಅಗ್ಗ, ಸ್ಪ್ರಿಂಗ್ ಸೋಲುವ ಭಯವಿಲ್ಲ. ಆದರೆ ಮುಳ್ಳನ್ನು ನೇರಕ್ಕೆ ನೋಡಬೇಕು, ನೆಲಮಟ್ಟದ ಚಕ್ರಕ್ಕೆ ಅಂಗಾತ ಮಲಗಬೇಕಾದೀತು. ಡಿಜಿಟಲ್ ನನ್ನ ಜೇಬಿನ ಮಾತಲ್ಲ. ನಾನು ಆರಿಸಿದ್ದು ಇಟ್ಟ ಮಿತಿ ಮುಟ್ಟಿದಾಗ ‘ಟಕ್’ ಅನ್ನುವ ಕ್ಲಿಕ್ ವ್ರೆಂಚ್.

ತಪ್ಪುವುದು ಅಳತೆಯಲ್ಲಿ. ದೊಡ್ಡದು ಕೊಂಡರೆ ಎಲ್ಲಕ್ಕೂ ಆಗುತ್ತದೆ ಅಂತ ಸ್ನೇಹಿತ ಹೇಳಿದ್ದ. ಆಗುವುದಿಲ್ಲ. ವ್ರೆಂಚ್‌ನ ಗರಿಷ್ಠ ಮಿತಿಯ ಐದನೇ ಒಂದು ಭಾಗಕ್ಕಿಂತ ಕೆಳಗೆ ಅದರ ಮಾತು ನಂಬುವಂತಿಲ್ಲ. ನಾನು ಕೊಂಡದ್ದು 28ರಿಂದ 210ರದು, ಅರ್ಧ ಇಂಚಿನ ಡ್ರೈವ್. ಚಕ್ರದ 85 ನಡುವೆ ಬರುತ್ತದೆ, ಆಯಿಲ್ ಡ್ರೈನ್ ಬೋಲ್ಟಿನ 35 ಮಾತ್ರ ಗುರುತಿನಲ್ಲಿದ್ದರೂ ಆ ಐದನೇ ಒಂದು ಭಾಗಕ್ಕಿಂತ ಕೆಳಗೇ ಬೀಳುತ್ತದೆ. ಸ್ಪಾರ್ಕ್ ಪ್ಲಗ್‌ಗೆ ಬೇಕಾದದ್ದು ಇನ್ನೂ ಕಡಿಮೆ. ಅದಕ್ಕೆ ಬೇರೆಯದೇ ಚಿಕ್ಕ ವ್ರೆಂಚ್ ಬೇಕು, ಇಲ್ಲವೇ ಪ್ಲಗ್ ಡಬ್ಬಿಯ ಮೇಲೆ ಬರೆದಿರುವಷ್ಟು ಸುತ್ತು ಕೊಟ್ಟು ಸುಮ್ಮನಾಗಬೇಕು. ಡಬ್ಬಿಯೊಳಗೆ ನಿಮ್ಮ ವ್ರೆಂಚ್‌ನದೇ ಸೀರಿಯಲ್ ನಂಬರ್ ಇರುವ ಕ್ಯಾಲಿಬ್ರೇಶನ್ ಪತ್ರ ಇದೆಯೇ ನೋಡಿ. ಐಎಸ್‌ಒ 6789 ಪ್ರಕಾರ ಇಂಥ ವ್ರೆಂಚ್ ಶೇ 4ಕ್ಕಿಂತ ಹೆಚ್ಚು ತಪ್ಪಬಾರದು. ಪತ್ರವಿಲ್ಲದ ಒಂದು ಸಾವಿರ ರೂಪಾಯಿ ಅಗ್ಗವಿತ್ತು. ಕೈ ಅದರತ್ತ ಹೋಗಿದ್ದು ನಿಜ, ಅಮ್ಮನ ಮುಖ ನೆನಪಾಗಿ ಬಿಟ್ಟೆ.

ಪತ್ರವನ್ನೂ ಪೂರ್ತಿ ನಂಬದೆ ಊರಿನ ವೆಲ್ಡಿಂಗ್ ಶಾಪ್‌ನಲ್ಲಿ ಪರೀಕ್ಷೆ ಮಾಡಿದೆ. ವ್ರೆಂಚ್‌ನ ಚೌಕ ತುದಿಯನ್ನು ಬೆಂಚ್ ವೈಸ್‌ಗೆ ಕಚ್ಚಿಸಿ, ಹಿಡಿಕೆ ಅಡ್ಡಕ್ಕೆ ಇರುವಂತೆ ಇಟ್ಟು, 85ಕ್ಕೆ ತಿರುಗಿಸಿ, 20 ಕೆ.ಜಿ. ತೂಕದ ಕಲ್ಲನ್ನು ಹಗ್ಗದಲ್ಲಿ ನೇತುಹಾಕಿದೆ. ವ್ರೆಂಚ್‌ನ ಸ್ವಂತ ತೂಕ ಕಳೆದರೆ ಅದು 42 ಸೆಂ.ಮೀ. ದೂರದಲ್ಲಿ ‘ಟಕ್’ ಅನ್ನಬೇಕು. ಹಗ್ಗ ಸರಿಸುತ್ತಾ ಹೋದೆ. 41ರಲ್ಲಿ ಅಂತು. ಲ್ಯಾಬಿನ ಪರೀಕ್ಷೆಗೆ ಇದು ಸಮವಲ್ಲ, ಆದರೆ ಪೂರಾ ಸುಳ್ಳು ಹೇಳುವ ವ್ರೆಂಚ್ ಆಗಿದ್ದರೆ ಇಲ್ಲೇ ಸಿಕ್ಕಿಬೀಳುತ್ತಿತ್ತು. ನೋಡಲು ನಿಂತಿದ್ದ ನಾಲ್ಕೈದು ಜನರಲ್ಲಿ ಅಪ್ಪನೂ ಇದ್ದರು.

ಬಳಸುವಾಗ ನಟ್‌ಗಳನ್ನು ಎದುರುಬದುರಾಗಿ ಬಿಗಿಯಿರಿ. ‘ಟಕ್’ ಅಂದ ಮೇಲೆ ‘ಇನ್ನೊಂಚೂರು’ ಬೇಡ, ನಮ್ಮ ಕಡೆಯವರಿಗೆ ಇದೇ ಕಷ್ಟ. ಬಿಚ್ಚಲು ಈ ವ್ರೆಂಚ್ ಬಳಸಬಾರದು. ಕೆಲಸ ಮುಗಿದ ಮೇಲೆ ಕೆಳಗಿನ ಗುರುತಿಗೆ ತಂದಿಡಿ, ಇಲ್ಲದಿದ್ದರೆ ಸ್ಪ್ರಿಂಗ್ ಸೋಲುತ್ತದೆ.

ಹೊಸ ಸ್ಟಡ್ ಹಾಕಿಸಿದ ಮೇಲೆ ಅಪ್ಪ ಚನ್ನರಾಯಪಟ್ಟಣಕ್ಕೆ ಹೋಗಿ ಬಂದರು. ಚಕ್ರ ಆರಿದ ಮೇಲೆ ನಾಲ್ಕೂ ನಟ್‌ಗಳನ್ನು ಮತ್ತೆ ನೋಡಿದೆ. ಮೂರು ನಟ್ ಅಲುಗಾಡದೆ ‘ಟಕ್’ ಅಂದವು. ಹೊಸ ಸ್ಟಡ್‌ನದು ಚೂರು ತಿರುಗಿ, ಆಮೇಲೆ ಅಂತು. ‘ಎಲ್ಲಿ, ಕೊಡ್ಲಾ ಇಲ್ಲಿ’ ಅಂತ ವ್ರೆಂಚ್ ಇಸಿದುಕೊಂಡು, ಅಪ್ಪ ಉಳಿದ ಮೂರು ಚಕ್ರಗಳತ್ತ ಹೋದರು.