ಮೋಡ ಒಂಟಿಯಾಗಿತ್ತೇ?

ಸಹೋದರಿಯರೇ, ಇಂಗ್ಲಿಷ್ ಕಲಿಯುತ್ತಿದ್ದೀರಾ? ತಪ್ಪಾದರೆ ನಗುತ್ತಾರೆಂದು ಸುಮ್ಮನೆ ಕೂರಬೇಡಿ, ಜೊತೆಗಾತಿಯರೊಡನೆ ವಾದಿಸಿ. ‘ಅಲೋನ್’, ‘ಲೋನ್ಲಿ’ ಎರಡೂ ನಮಗೆ ಒಂಟಿಯೇ. ಆದರೆ ಮೊದಲನೆಯದು ಜೊತೆಗೆ ಯಾರೂ ಇಲ್ಲದ ಸ್ಥಿತಿ, ಎರಡನೆಯದು ಮನಸ್ಸಿನ ನೋವು. ತುಂಬಿದ ಮನೆಯಲ್ಲೂ ಹೊಸ ಸೊಸೆ ‘ಲೋನ್ಲಿ’ ಆಗಿರಬಹುದು! ವ್ಯಾಕರಣವೂ ಬೇರೆ: ‘ಲೋನ್ಲಿ ವುಮನ್’ ಎನ್ನಬಹುದು, ‘ಅಲೋನ್ ವುಮನ್’ ಎನ್ನುವಂತಿಲ್ಲ.

ಈಗ 1807ರಲ್ಲಿ ಅಚ್ಚಾದ ವರ್ಡ್ಸ್‌ವರ್ತ್‌ರ ಡ್ಯಾಫೊಡಿಲ್ ಹೂಗಳ ಕವಿತೆಯನ್ನು ಒಟ್ಟಿಗೆ ಓದಿ. ಕವಿ ತನ್ನನ್ನು ‘ಲೋನ್ಲಿ’ ಮೋಡಕ್ಕೆ ಹೋಲಿಸಿಕೊಂಡಿದ್ದಾರೆ. ಆದರೆ 1802ರ ಏಪ್ರಿಲ್‌ನಲ್ಲಿ ಆ ಹೂಗಳನ್ನು ಕಂಡಾಗ ತಂಗಿ ಡೊರೊಥಿ ಜೊತೆಗೇ ಇದ್ದರು. ಅವರ ದಿನಚರಿಯೇ ಅದಕ್ಕೆ ಸಾಕ್ಷಿ. ಬರೀ ಏಕಾಂತ ಎಂಬ ಅರ್ಥವೂ ಆ ಪದಕ್ಕಿದೆ, ನಿಜ. ಆದರೂ ತಂಗಿ ಕವಿತೆಯಿಂದ ಮಾಯವಾದದ್ದೇಕೆ? ನಿಮ್ಮ ಗೆಳತಿ ಏನನ್ನುತ್ತಾಳೆ, ಕೇಳಿ ನೋಡಿ.